ಕೀಂಯ್ ಅನ್ನುವ ಬೆಲ್ಟು, ಅಪ್ಪನ ಬೆರಳು

ಹೋದ ವರ್ಷ ಜುಲೈ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದರೆ ಸಾಕು, ಬಾನೆಟ್ ಒಳಗಿಂದ ಕೀಂಯ್ ಅಂತ ಒಂದು ಕೂಗು. ನಾಲ್ಕೈದು ದಿನ ಹೋಗುವಷ್ಟರಲ್ಲಿ ಪಕ್ಕದ ಮನೆ ನಾಯಿ ಅದಕ್ಕೆ ಉತ್ತರ ಕೊಡುವುದನ್ನೂ ಕಲಿತಿತ್ತು.

ತೀರ್ಥಹಳ್ಳಿ ಕಡೆಯ ಮಳೆಗಾಲ ಗೊತ್ತಲ್ಲ. ಟಾರು ರಸ್ತೆಯಿಂದ ನಮ್ಮ ಮನೆಗೆ ಒಂದೂವರೆ ಕಿಲೋಮೀಟರ್ ಕೆಂಪು ಮಣ್ಣಿನ ದಾರಿ. ಬಲಗಡೆ ಮುಂದಿನ ಚಕ್ರದ ಒಳಗಿನ ಪ್ಲಾಸ್ಟಿಕ್ ಗಾರ್ಡ್ ಹಿಂದಿನ ವರ್ಷವೇ ಮುರಿದುಹೋಗಿತ್ತು, ನಾನು ಹಾಕಿಸಿರಲಿಲ್ಲ. ಚಕ್ರ ಎಸೆದ ಕೆಸರು ನೆಟ್ಟಗೆ ಎಂಜಿನ್ ಬೆಲ್ಟಿಗೇ ಹೋಗಿ ಬೀಳುತ್ತಿತ್ತು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಂಜಿನ್ ತಣ್ಣಗಿಡುವ ನೀರನ್ನು ಓಡಿಸುವ ವಾಟರ್ ಪಂಪು ಎರಡನ್ನೂ ತಿರುಗಿಸುವುದು ಅದೇ ಬೆಲ್ಟು. ಅದು ತುಂಡಾದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಂಜಿನ್ನೂ ಬಿಸಿಯೇರಿ ಕೂರುತ್ತದೆ. ಆಗುಂಬೆ ಘಾಟಿಯ ಮಧ್ಯ ಹಾಗಾದರೆ ದೇವರೇ ಗತಿ. ಭಾನುವಾರ ಕೂತು ತೊಳೆದುಬಿಡೋಣ ಅಂದುಕೊಂಡೆ.

ಅಪ್ಪನಿಗೆ ಹೇಳಿದ್ದಕ್ಕೆ, "ತೊಳೆಯೋದೆಂತಕ್ಕೆ ಮಾರಾಯ, ಸ್ವಲ್ಪ ರಾಳದ ಪುಡಿ ಹಾಕು, ಹಿಡ್ಕೊಳ್ತದೆ" ಅಂದರು. ಅಪ್ಪ ಇಪ್ಪತ್ತು ವರ್ಷ ಹಿಟ್ಟಿನ ಮಿಲ್ಲು ನಡೆಸಿದವರು. ಮಿಲ್ಲಿನ ಅಗಲ ಬೆಲ್ಟು ಜಾರಿದರೆ ರಾಳ ಎರಚುತ್ತಿದ್ದರು. ಅಲ್ಲಿಗೆ ಅದು ಸರಿ. ಆದರೆ ಕಾರಿನ ಬೆಲ್ಟಿನ ಒಳಮೈಯಲ್ಲಿ ಉದ್ದುದ್ದ ಗೆರೆಗಳಿರುತ್ತವೆ, ಆ ಗೆರೆಗಳು ಪುಲ್ಲಿಯ, ಅಂದರೆ ಬೆಲ್ಟು ಸುತ್ತುವ ಗಾಲಿಯ, ಕಾಲುವೆಯೊಳಗೆ ಸರಿಯಾಗಿ ಕೂರಬೇಕು. ಅಂಟು ಹಾಕಿದರೆ ಇದ್ದ ಧೂಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಎರಡು ದಿನ ಸದ್ದು ನಿಲ್ಲುತ್ತದೆ ನಿಜ, ಆಮೇಲೆ ಇನ್ನೂ ಜೋರು. ಸೀಮೆಎಣ್ಣೆ, ಪೆಟ್ರೋಲು, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರೂ ಇದ್ದಾರೆ. ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ ಅಷ್ಟೇ. ನಾನು ತಗೊಂಡಿದ್ದು ಪಾತ್ರೆ ತೊಳೆಯುವ ಸೋಪಿನ ನೀರು, ಹಳೇ ಬನಿಯನ್ನು, ಒಂದು ಹಲ್ಲುಜ್ಜುವ ಬ್ರಷ್ಷು.

ನಾನು ಬಹಳ ಜಾಗ್ರತೆಯ ಮನುಷ್ಯ ಅಂತ ನನಗೇ ಹೆಮ್ಮೆ. ಎಂಜಿನ್ ರಾತ್ರಿಯಿಡೀ ತಣ್ಣಗಾಗಿತ್ತು. ಕೀ ನನ್ನ ಜೇಬಲ್ಲಿ. ಹತ್ತನೇ ನಂಬರ್ ಸ್ಪ್ಯಾನರ್ ಹಾಕಿ ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟಿದ್ದೆ, ಯಾಕೆಂದರೆ ರೇಡಿಯೇಟರ್ ಫ್ಯಾನು ಕರೆಂಟಿನದ್ದು, ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಬಿಸಿ ಇದ್ದರೆ ತಾನಾಗೇ ತಿರುಗಿಬಿಡುತ್ತದೆ. ಉಂಗುರ ಬಿಚ್ಚಿದ್ದೆ. ಪಂಚೆ ಮಾತ್ರ ಉಟ್ಟುಕೊಂಡೇ ಬಂದಿದ್ದೆ, ಅಪ್ಪ ಒಂದು ಸಲ ನೋಡಿದರು, ಏನೂ ಹೇಳಲಿಲ್ಲ, ನಾನೇ ಹೋಗಿ ಪ್ಯಾಂಟು ಹಾಕಿಕೊಂಡು ಬಂದೆ.

ಟಾರ್ಚ್ ಬಿಟ್ಟು ನೋಡಿದರೆ ಗೆರೆಗಳ ಮಧ್ಯೆ ಕೆಂಪು ಮಣ್ಣು ಇಟ್ಟಿಗೆ ಥರ ಗಟ್ಟಿಯಾಗಿತ್ತು. ಪೈಪು ಹಿಡಿದು ನೀರು ಹೊಡೆಯಲಿಲ್ಲ, ಆಲ್ಟರ್ನೇಟರ್ ಅಲ್ಲೇ ಇರುತ್ತದೆ. ಬನಿಯನ್ ಅದ್ದಿ, ಚೆನ್ನಾಗಿ ಹಿಂಡಿ, ಕೈಗೆ ಸಿಕ್ಕಷ್ಟು ಉದ್ದ ಉಜ್ಜಿದೆ. ಸಿಗದ ಭಾಗ ಮೇಲೆ ಬರಬೇಕೆಂದರೆ ಬೆಲ್ಟು ತಿರುಗಬೇಕಲ್ಲ. ಅದಕ್ಕೊಂದು ಉಪಾಯ ಮಾಡಿದೆ. ಗಾಡಿಯನ್ನು ಐದನೇ ಗೇರಿಗೆ ಹಾಕಿ ತಳ್ಳಿದರೆ ಎಂಜಿನ್ ಮೆಲ್ಲಗೆ ಸುತ್ತುತ್ತದೆ, ಜೊತೆಗೆ ಬೆಲ್ಟೂ. "ಅಪ್ಪ, ಹಿಂದಿನಿಂದ ಸ್ವಲ್ಪ ತಳ್ಳಿ" ಅಂದೆ.

ಅವರು ತಳ್ಳಿದರು. ನನ್ನ ಬನಿಯನ್ನು ಇನ್ನೂ ಬೆಲ್ಟಿನ ಮೇಲೇ ಇತ್ತು.

ಪುಲ್ಲಿ ಒಂದು ಗೇಣಿನಷ್ಟೂ ತಿರುಗಿರಲಿಕ್ಕಿಲ್ಲ. ಅಷ್ಟರಲ್ಲೇ ಬಟ್ಟೆ ಸರ್ರಂತ ಒಳಗೆ ಹೋಯಿತು, ತೋರುಬೆರಳಿನ ತುದಿಯೂ ಅದರ ಹಿಂದೆ ಹೋಗಿ ಚುರ್ ಅಂದಿತು. ಅಮ್ಮಾ ಅಂತ ಕೂಗಿದೆ. ಅಪ್ಪ ತಳ್ಳುವುದು ನಿಲ್ಲಿಸಿದರು. ಉಗುರಿನ ಪಕ್ಕ ಚರ್ಮ ಸುಲಿದಿತ್ತು, ಅಷ್ಟೇ. ಎಂಜಿನ್ ಬಂದ್, ಕೀ ಜೇಬಲ್ಲಿ, ಬ್ಯಾಟರಿ ಬಿಚ್ಚಿದೆ. ಆದರೂ ಬೆರಳು ಒಳಗೆ!

ಅಪ್ಪ ಮುಂದೆ ಬಂದು ನನ್ನ ಕೈ ಹಿಡಿದು ನೋಡಿದರು. ಅವರ ಎಡಗೈ ಉಂಗುರ ಬೆರಳಿಗೆ ಮೇಲಿನ ಗಿಣ್ಣು ಇಲ್ಲ. ಮಿಲ್ಲಿನ ಬೆಲ್ಟು ತಿಂದದ್ದು ಅಂತ ಮಾತ್ರ ನಮಗೆ ಗೊತ್ತಿತ್ತು, ಹೇಗೆ ಅಂತ ಅವರು ಹೇಳಿದವರಲ್ಲ, ನಾವು ಕೇಳಿದವರೂ ಅಲ್ಲ. ಅವತ್ತು ಬಂಪರಿಗೆ ಒರಗಿ ನಿಂತು ಹೇಳಿದರು. "ಮಿಲ್ಲು ಬಂದ್ ಮಾಡಿದ್ದೆ ಮಾರಾಯ. ಬಂದ್ ಮಾಡಿದೀನಲ್ಲ ಅಂತಲೇ ಕೈ ಹಾಕಿದ್ದು. ಚಕ್ರ ಇನ್ನೂ ತಿರುಗ್ತಾ ಇತ್ತು."

ಸಿಕ್ಕಿಕೊಂಡ ಬನಿಯನ್ ಬಿಡಿಸಲಿಕ್ಕೆ ಆಲ್ಟರ್ನೇಟರಿನ ಬೋಲ್ಟು ಸಡಿಲ ಮಾಡಿ ಬೆಲ್ಟನ್ನೇ ಸಡಿಲ ಬಿಡಬೇಕಾಯಿತು. ಮೊದಲೇ ಮಾಡಬೇಕಾಗಿದ್ದು ಅದನ್ನೇ. ಸಡಿಲ ಆದ ಬೆಲ್ಟು ಪುಲ್ಲಿಗಳ ಮೇಲೆ ಕೈಯಲ್ಲೇ ಸರಿಯುತ್ತದೆ, ಎಂಜಿನ್ ತಿರುಗುವುದು ಬೇಡ, ಯಾರೂ ತಳ್ಳುವುದೂ ಬೇಡ. ಗಾಡಿ ನ್ಯೂಟ್ರಲ್, ಚಕ್ರಕ್ಕೆ ಕಲ್ಲು ಕೊಟ್ಟು ಸುತ್ತಲೂ ಉಜ್ಜಿದೆ. ಬ್ರಷ್ಷಲ್ಲಿ ಪುಲ್ಲಿಯ ಕಾಲುವೆಗಳನ್ನೂ ಕೆರೆದೆ. ಅಲ್ಲಿ ಮಣ್ಣು ಉಳಿದರೆ ಬೆಲ್ಟು ತೊಳೆದೂ ದಂಡ. ಬರೀ ನೀರಿನ ಬಟ್ಟೆಯಲ್ಲಿ ಸೋಪು ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ಬಿಗಿ ಮಾಡಿದೆ. ಬಿಗಿ ಮಾಡುವುದರಲ್ಲೂ ಒಂದು ಹದ ಇದೆ, ಜಾಸ್ತಿ ಬಿಗಿದರೆ ಆಲ್ಟರ್ನೇಟರ್, ಪಂಪು ಎರಡರ ಬೇರಿಂಗೂ ಹೋಗುತ್ತದೆ. ನಮ್ಮ ಕಾರಿನ ಕೈಪಿಡಿ ಪ್ರಕಾರ ನಡುವೆ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿದರೆ 8ರಿಂದ 10 ಮಿಲಿಮೀಟರ್ ಬಗ್ಗಬೇಕು.

ಸ್ಟಾರ್ಟ್ ಮಾಡಿದೆ. ಸದ್ದಿಲ್ಲ. ನಾಯಿ ಸುಮ್ಮನೆ ಮಲಗಿತ್ತು. ನಾನು ಕಾಫಿ ಕುಡಿಯುತ್ತಾ ಮನೆಯವಳ ಹತ್ತಿರ ಒಂದಿಷ್ಟು ಕೊಚ್ಚಿಕೊಂಡಿದ್ದೂ ಆಯಿತು.

ಮೂರನೇ ದಿನ ಮತ್ತೆ ಕೀಂಯ್. ಈ ಸಲ ನಾನು ಕೈ ಹಾಕಲಿಲ್ಲ, ಪೇಟೆಯ ಗ್ಯಾರೇಜಿಗೆ ತಗೊಂಡು ಹೋದೆ. ಹುಡುಗ ಟಾರ್ಚ್ ಹಿಡಿದು ವಾಟರ್ ಪಂಪಿನ ಕೆಳಗೆ ಒಣಗಿದ ಹಸಿರು ಗೆರೆ ತೋರಿಸಿದ. ಕೂಲೆಂಟು, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಹನಿ ಹನಿಯಾಗಿ ಸೋರಿ ಬೆಲ್ಟಿನ ಮೇಲೆ ಬೀಳುತ್ತಿತ್ತು. ಕೆಂಪು ಮಣ್ಣನ್ನೇ ನೋಡುತ್ತಿದ್ದ ನನ್ನ ಕಣ್ಣಿಗೆ ಹಸಿರು ಬಿದ್ದೇ ಇರಲಿಲ್ಲ. "ನೀವು ಎಷ್ಟು ತೊಳೆದರೆ ಏನ್ ಸಾರ್, ಮೇಲಿಂದ ಅದಕ್ಕೆ ದಿನಾ ಸ್ನಾನ ಆಗ್ತಾನೇ ಇದೆಯಲ್ಲ" ಅಂದ. ಪಂಪು ಹೊಸದು. ಕೂಲೆಂಟು ಕುಡಿದ ಬೆಲ್ಟು ಮತ್ತೆ ಹಾಕುವುದು ಬೇಡ ಅಂತ ಅದೂ ಹೊಸದು.

ಹಳೇ ಬೆಲ್ಟನ್ನು ಅಪ್ಪ ಬಿಸಾಡಲಿಕ್ಕೆ ಬಿಡಲಿಲ್ಲ. ಈಗ ಅದು ಕೊಟ್ಟಿಗೆಯ ಗೇಟಿಗೆ ಕುಣಿಕೆ. ಚಕ್ರದ ಗಾರ್ಡು ಹಾಕಿಸುವುದು ಮಾತ್ರ ಇನ್ನೂ ಆಗಿಲ್ಲ.