ಕೆಳಗಿನ ಕೋಣೆ
ಮಡಿಕೇರಿಯ ಇಳಿಜಾರಿನಲ್ಲಿ ನಮ್ಮ ಮನೆ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು, ಹಿಂದಿನಿಂದ ಎರಡು. ಕೆಳಗಿನ ಕೋಣೆಯಲ್ಲಿ ಇಷ್ಟು ವರ್ಷ ಕಾಫಿ ಮೂಟೆ, ಕರಿಮೆಣಸು, ಸೌದೆ. ಈಗ ಅಣ್ಣನ ಸಂಸಾರ ಊರಿಗೇ ವಾಪಸ್ ಬರುತ್ತಿದೆ, ಅವರಿಗೆ ಅದೇ ಕೋಣೆ.

ಮೊನ್ನೆ ಎಲ್ಲ ಖಾಲಿ ಮಾಡಿದೆವು. ಎಲ್ಲರಿಗೂ ಬಣ್ಣ ಬಳಿಯುವ ಆತುರ. ನಾನು ಬೇಡ ಅಂದೆ. ಕೋಣೆಯ ರಸ್ತೆ ಕಡೆಯ ಗೋಡೆ ಮಣ್ಣಿಗೆ ಒರಗಿದೆ. ತೇವ ಎಲ್ಲಿಂದ ಬರುತ್ತಿದೆ ಅಂತ ಮೊದಲು ಗೊತ್ತಾಗಬೇಕು ಅಲ್ವಾ? ಗೋಡೆಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಟ್ಟೆ. ಹಾಳೆಯ ಮೇಲೆ ಹನಿ ಕಂಡಿದ್ದರೆ ಅದು ಕೋಣೆಯ ಗಾಳಿಯದು. ನಮ್ಮಲ್ಲಿ ಹಾಳೆಯ ಹಿಂದೆ ಕಂಡಿತು. ಅಂದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಹಾಗಾಗಿ ಜೂನ್ ಮಳೆಗೆ ಮೊದಲು ಹೊರಗೆ ಚರಂಡಿ, ಆಮೇಲೆ ವಾಟರ್‌ಪ್ರೂಫಿಂಗ್, ಬಣ್ಣ ಕೊನೆಗೆ. ಎಂಜಿನಿಯರ್ ಬಂದು ನೋಡದೆ ಗೋಡೆಯ ಹಿಂದಿನ ಮಣ್ಣು ಮುಟ್ಟುವುದಿಲ್ಲ. 2018ರ ಆಗಸ್ಟ್ ತಿಂಗಳ ಭೂಕುಸಿತವನ್ನು ಇಲ್ಲಿ ಯಾರು ಮರೆತಿದ್ದಾರೆ?

ಗುಡಿಸುವಾಗ ಬಾಗಿಲ ಪಕ್ಕದ ಒಣ ಗೋಡೆಯಲ್ಲಿ ಅಪ್ಪನ ಸೀಮೆಸುಣ್ಣದ ಗೆರೆಗಳು ಕಂಡವು. ಮೂಟೆ ಎಣಿಸಿದ ಲೆಕ್ಕ. ತುಂಬಾ ಹೊತ್ತು ಸುಮ್ನೆ ನಿಂತುಬಿಟ್ಟೆ. ಅಷ್ಟು ಜಾಗಕ್ಕೆ ಬಣ್ಣ ಬೇಡ ಅಂತ ಮೇಸ್ತ್ರಿಗೆ ಹೇಳಿದ್ದೇನೆ.