ನೂರು ಬರೆದರೆ ಇಪ್ಪತ್ತು

‘ನಾ ಬರ್ದಿದ್ದು ನೂರ್ ಅದ್ರಿ, ಇದು ಇಪ್ಪತ್ ಅನ್ಲಿಕತ್ತದ.’

ಮಂಗಳವಾರ ಸಂಜೆ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಕೋಣೆಯಲ್ಲಿ ನಮ್ಮ ಹುಡುಗ ಹೇಳಿದ ಮಾತಿದು. ಶುಕ್ರವಾರವಾದರೂ ಕಿವಿಯಿಂದ ಹೋಗಿಲ್ಲ. ನಮ್ಮದು ತೊಗರಿ ದರ ತೋರಿಸುವ ಸೈಟು. ಅದರೊಳಗೆ ದರ ನೋಡುವ ರೈತರಿಗೆ ಒಂದು ದಾರಿ (ರೂಟ್), ಆವಕ ತುಂಬುವ ದಲಾಲರಿಗೆ ಇನ್ನೊಂದು. ಎಕ್ಸ್‌ಪ್ರೆಸ್ ಎಂಬ ವೆಬ್ ಚೌಕಟ್ಟಿನಲ್ಲಿ, ಬರುವ ಕೋರಿಕೆಯನ್ನು ಮೊದಲೇ ಎಣಿಸಿ ತಡೆಯುವ ಒಂದೇ ಮಿಡಲ್‌ವೇರನ್ನು ಎರಡಕ್ಕೂ ಬೇರೆ ಬೇರೆ ಮಿತಿಯೊಂದಿಗೆ ಹಚ್ಚಿತ್ತು: 15 ನಿಮಿಷಕ್ಕೆ ದರದ ದಾರಿಗೆ 100 ಕೋರಿಕೆ, ಆವಕದ ದಾರಿಗೆ 20. ಒಂದೇ ಮೊಬೈಲ್ ಕಂಪನಿಯ ಹತ್ತಾರು ಮಂದಿ ಹೊರಗೆ ಒಂದೇ ಐಪಿ ವಿಳಾಸವಾಗಿ ಕಾಣುವುದುಂಟು, ಅದಕ್ಕೇ ದರಕ್ಕೆ 100 ಇಟ್ಟದ್ದು. ಆದರೆ ಬೆಳಿಗ್ಗೆಯಿಂದ ದರದ ದಾರಿಯಲ್ಲೂ 21ನೇ ಕೋರಿಕೆಗೇ 429, ಅಂದರೆ ‘ಕೋರಿಕೆ ಹೆಚ್ಚಾಯಿತು’ ಎಂಬ ಉತ್ತರ. ಆಳಂದ, ಜೇವರ್ಗಿ ಕಡೆಯಿಂದ ಫೋನೋ ಫೋನು. ಕನ್ಸೋಲ್‌ನಲ್ಲಿ ಎರಡೂ ದಾರಿಯ ಮಿತಿ ತೋರಿಸುವ ಎರಡು ಸಾಲು ನಿಂತಿದ್ದವು: 20, 20.

ಆ ಮಿಡಲ್‌ವೇರ್ ಇರುವ ಫೈಲು, ಅಂದರೆ ಮಾಡ್ಯೂಲ್, ತೆರೆದರೆ ಕಾರಣ ಮೊದಲ ಎರಡು ಸಾಲಿನಲ್ಲೇ ಇತ್ತು. ಸೆಟ್ಟಿಂಗ್ ಇಡುವ ವೇರಿಯಬಲ್, ಯಾವ ವಿಳಾಸದಿಂದ ಎಷ್ಟು ಕೋರಿಕೆ ಎಂಬ ಎಣಿಕೆ ಇಡುವ ಪಟ್ಟಿ (ಮ್ಯಾಪ್), ಎರಡೂ ಫಂಕ್ಷನ್ನಿನ ಹೊರಗೆ, ಫೈಲಿನ ನೆತ್ತಿಯ ಮೇಲೆ. ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ನಡೆಸುವ ನೋಡ್ ಒಂದು ಫೈಲನ್ನು ಮೊದಲ ಸಲ ರಿಕ್ವೈರ್ ಮಾಡಿದಾಗ (ಬೇಕೆಂದು ಕರೆದಾಗ) ಓಡಿಸುತ್ತದೆ, ಆಮೇಲೆ ಎತ್ತಿಟ್ಟುಕೊಂಡ ಪ್ರತಿಯನ್ನೇ (ಕ್ಯಾಶ್) ಕೊಡುತ್ತದೆ. ಹಾಗಾಗಿ ಎಷ್ಟು ಸಲ ಕರೆದರೂ ಡಬ್ಬಿ ಒಂದೇ. ಸರ್ವರ್ ಏಳುವಾಗ ಮೊದಲ ಕರೆ ಅದರಲ್ಲಿ 100 ಹಾಕಿತು, ಎರಡನೆಯದು ಅದರ ಮೇಲೆಯೇ 20 ಬರೆಯಿತು. ಮೊದಲ ರೈತ ಬರುವಷ್ಟರಲ್ಲಿ ನೂರು ಎಲ್ಲೂ ಉಳಿದಿರಲಿಲ್ಲ. ಸಾಲದ್ದಕ್ಕೆ ಎರಡೂ ದಾರಿಯ ಎಣಿಕೆ ಒಂದೇ ಮ್ಯಾಪಿನಲ್ಲಿ ಕೂಡುತ್ತಿತ್ತು.

ಇದನ್ನು ಬರೆದವರು ಅನುಭವಸ್ಥರು, ಈಗ ಇಲ್ಲಿಲ್ಲ. ಒಂದೇ ದಾರಿಗೆ ಹಚ್ಚಿ ನೋಡಿದ್ದನ್ನು ಎಲ್ಲಿ ಬೇಕಾದರೂ ಬಳಸಬಹುದು ಎಂದು ಬರೆದಿಟ್ಟು ಹೋದದ್ದು ಸರಿಯಲ್ಲ. ಒಂದೇ ಆ್ಯಪ್‌ನಲ್ಲಿ ಎರಡು ಕಡೆ, ಎರಡು ಬೇರೆ ಸೆಟ್ಟಿಂಗಿನೊಂದಿಗೆ ಹಚ್ಚಿ ನೋಡುವವರೆಗೆ ಆ ಮಾತು ಆಡಬಾರದು.

ರಿಪೇರಿ ದೊಡ್ಡದಲ್ಲ. ಹೊರಗಿನ ಫಂಕ್ಷನ್ ಸೆಟ್ಟಿಂಗ್ ತೆಗೆದುಕೊಳ್ಳಬೇಕು, ತನ್ನ ಒಳಗೇ ಹೊಸ ಮ್ಯಾಪ್ ಮಾಡಬೇಕು, ಆಮೇಲೆ ರೆಕ್ (ಕೋರಿಕೆ), ರೆಸ್ (ಉತ್ತರ), ನೆಕ್ಸ್ಟ್ (ಮುಂದಕ್ಕೆ ಬಿಡುವ ಕರೆ) ಎಂಬ ಮೂರನ್ನು ತೆಗೆದುಕೊಳ್ಳುವ ಒಳಗಿನ ಫಂಕ್ಷನ್ನನ್ನು ಹಿಂದಿರುಗಿಸಬೇಕು. ಆಗ ಪ್ರತಿ ಕರೆಗೂ ಅದರದ್ದೇ ಕ್ಲೋಷರ್ (ತನ್ನ ಸೆಟ್ಟಿಂಗನ್ನು ನೆನಪಿಟ್ಟ ಫಂಕ್ಷನ್), ಅದರದ್ದೇ ಸಂಖ್ಯೆ. ಇಲ್ಲಿ ಒಂದು ಎಚ್ಚರ ಬೇಕು. ಮಿಡಲ್‌ವೇರ್ ಹಚ್ಚುವ ಆ್ಯಪ್.ಯೂಸ್ ಒಳಗೆ ಮಿಡಲ್‌ವೇರಿನ ಹೆಸರಿನ ಮುಂದೆ ಬ್ರಾಕೆಟ್ ಮರೆತರೆ, ಎಕ್ಸ್‌ಪ್ರೆಸ್ ಹೊರಗಿನ ಫಂಕ್ಷನ್ನಿಗೇ ಕೋರಿಕೆಯನ್ನು ಸೆಟ್ಟಿಂಗ್ ಎಂಬಂತೆ ಕೊಡುತ್ತದೆ. ಅದು ಒಳಗಿನ ಫಂಕ್ಷನ್ನನ್ನು ಹಿಂದಿರುಗಿಸಿ ಸುಮ್ಮನಾಗುತ್ತದೆ, ನೆಕ್ಸ್ಟ್ ಕರೆಯುವವರೇ ಇಲ್ಲ. ಎರರ್ ಇಲ್ಲ, ಉತ್ತರವಿಲ್ಲ, ಬ್ರೌಸರ್ ತಿರುಗುತ್ತಲೇ ಇರುತ್ತದೆ.

ಇನ್ನೊಂದು ಇದಕ್ಕಿಂತ ಅಪಾಯದ್ದು. ಡಿಫಾಲ್ಟ್ ಸೆಟ್ಟಿಂಗಿನ ಮೇಲೆ ಬಳಸುವವರ ಸೆಟ್ಟಿಂಗನ್ನು ಮೂರು ಚುಕ್ಕೆಯ ಸ್ಪ್ರೆಡ್‌ನಿಂದ ಹರಡುವುದು ರೂಢಿ. ಮಿತಿಯ ಸಂಖ್ಯೆ ಕೊಡುವ ಎನ್ವಿರಾನ್‌ಮೆಂಟ್ ವೇರಿಯಬಲ್ (ಕೋಡಿನ ಹೊರಗಿಟ್ಟ ಸೆಟ್ಟಿಂಗ್) ಇಲ್ಲದಿದ್ದರೆ ಬರುವುದು ಅನ್‌ಡಿಫೈನ್ಡ್, ಅಂದರೆ ಏನೂ ಇಲ್ಲ. ಆ ಅನ್‌ಡಿಫೈನ್ಡ್ ಕೂಡ ಡಿಫಾಲ್ಟನ್ನು ಅಳಿಸಿ ಕೂರುತ್ತದೆ. ಎಣಿಕೆ ಅದಕ್ಕಿಂತ ದೊಡ್ಡದೇ ಎಂದು ಕೇಳಿದರೆ ಉತ್ತರ ಯಾವಾಗಲೂ ಅಲ್ಲ. ಅಲ್ಲಿಗೆ ಮಿತಿಯೇ ಇಲ್ಲ, ಬಾಗಿಲು ಹಾರು ಹೊಡೆದಿದೆ, ಯಾರಿಗೂ ಗೊತ್ತಿಲ್ಲ. ನಂಬರ್‌ಗೆ ಬದಲಿಸಿದರೂ ನ್ಯಾನ್ (ಸಂಖ್ಯೆಯಲ್ಲ ಎಂಬ ಗುರುತು) ಆಗುತ್ತದೆ, ಫಲ ಅದೇ. ಆದ್ದರಿಂದ ಹೊರಗಿನ ಫಂಕ್ಷನ್ನಿನಲ್ಲೇ, ಸರ್ವರ್ ಏಳುವ ಗಳಿಗೆಯಲ್ಲೇ, ಸೊನ್ನೆಗಿಂತ ದೊಡ್ಡ ಪೂರ್ಣಾಂಕ ಹೌದೋ ಅಲ್ಲವೋ ನೋಡಿ, ಅಲ್ಲದಿದ್ದರೆ ಎರರ್ ಎಸೆದು ನಿಲ್ಲಿಸಬೇಕು. ಎಣಿಕೆ ಎಲ್ಲಿಡಬೇಕು ಎನ್ನುವುದೂ ಹೊರಗಿನಿಂದ ಬರಲಿ: ನಾಲ್ಕು ಪ್ರೊಸೆಸ್ ಓಡಿಸಿದರೆ ನಾಲ್ಕು ಮ್ಯಾಪ್, 100ರ ಮಿತಿ 400ರವರೆಗೂ ಹೋಗಬಹುದು. ಆಗ ಎಲ್ಲ ಪ್ರೊಸೆಸ್‌ಗೂ ಎಣಿಕೆಯನ್ನು ಒಂದೇ ಕಡೆ ಇಡುವ ರೆಡಿಸ್‌ನಂಥ ಉಗ್ರಾಣ ಬೇಕಾಗುತ್ತದೆ.

ಇಷ್ಟೆಲ್ಲ ಸರಿ ಮಾಡುವಾಗಲೂ ಮನಸ್ಸು ಹುಡುಗನ ಮಾತಿಗೇ ಹೋಗುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ತಪ್ಪು ಕಂಡವನು ಸಂಜೆ ಆರಕ್ಕೆ ಬಾಯಿಬಿಟ್ಟ. ಯಾಕೆ ಇಷ್ಟು ಹೊತ್ತು ಎಂದರೆ, ‘ನಾನೇ ಎಲ್ಲೋ ತಪ್ಪ್ ಮಾಡೀನಿ ಅನ್ಕೊಂಡಿದ್ದೆ ಸರ್.’ ಅವನು ಒಳ್ಳೆಯ ಕೆಲಸಗಾರ, ಬರೆದದ್ದನ್ನು ಮೂರು ಸಲ ಓದುವವನು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈ ಕೆಲಸಕ್ಕೆ ಬಂದ ಅವನಂಥ ಎಷ್ಟೋ ಮಕ್ಕಳು ಯಂತ್ರ ಮಾತು ಕೇಳದಿದ್ದಾಗ ಮೊದಲು ತಮ್ಮ ಮೇಲೆಯೇ ಅನುಮಾನಪಡುತ್ತಾರೆ. ಬರೆದ ನೂರನ್ನು ಸದ್ದಿಲ್ಲದೆ ಇಪ್ಪತ್ತು ಮಾಡುವ ಮಾಡ್ಯೂಲ್ ಆ ಅನುಮಾನಕ್ಕೆ ನೀರೆರೆಯುತ್ತದೆ. ಸರ್ವರ್ ಬಿದ್ದಿದ್ದರೆ ಹತ್ತು ನಿಮಿಷದ ಕೆಲಸ. ಬೀಳದೆ ಸುಳ್ಳು ಹೇಳಿದ್ದಕ್ಕೆ ಅವನ ಒಂದು ದಿನ ಹೋಯಿತು. ಅದು ನನಗೆ ಸಿಟ್ಟು ತರಿಸುತ್ತದೆ.

ಬುಧವಾರ ಪರೀಕ್ಷೆಯನ್ನು ಅವನೇ ಬರೆದ: ಒಂದೇ ಆ್ಯಪ್, ಎರಡು ದಾರಿ, ಆವಕಕ್ಕೆ 21 ಕೋರಿಕೆ ಬಿಟ್ಟು ಕೊನೆಯದಕ್ಕೆ 429 ನೋಡು, ಅದೇ ವಿಳಾಸದಿಂದ ದರಕ್ಕೆ 100 ಬಿಡು, ಎಲ್ಲಕ್ಕೂ ‘ಸರಿ’ ಎನ್ನುವ 200 ಬರಬೇಕು. ಕನ್ಸೋಲ್ 100, 20 ಎಂದಿತು. ಆಮೇಲೆ ಬೇಕೆಂದೇ ಎನ್ವಿರಾನ್‌ಮೆಂಟ್ ಫೈಲಿನಿಂದ ಒಂದು ಸಾಲು ಅಳಿಸಿ ಸರ್ವರ್ ಎಬ್ಬಿಸಿದ. ಅದು ಏಳಲಿಲ್ಲ. ಪರದೆಯ ಮೇಲೆ ಅವನೇ ಕನ್ನಡದಲ್ಲಿ ಬರೆದಿಟ್ಟ ಸಾಲು ಕೆಂಪಗೆ ಬಂತು: ‘ದರದ ದಾರಿ: ಗರಿಷ್ಠ ಸಂಖ್ಯೆ ಬೇಕಿತ್ತು, ಬಂದದ್ದು ಅನ್‌ಡಿಫೈನ್ಡ್.’