ಸೀಮೆಎಣ್ಣೆ ಡಬ್ಬಕ್ಕೆ ವಯಸ್ಸೆಷ್ಟು?

ಹೋದ ಯುಗಾದಿಗೆ ಮುಂಚೆ ಮೈಸೂರಿನ ಅಜ್ಜಿ ಮನೆಯ ಅಟ್ಟ ಕ್ಲೀನ್ ಮಾಡುವಾಗ ಒಂದು ತಗಡಿನ ಡಬ್ಬ ಸಿಕ್ಕಿತು. ಮೇಲುಭಾಗ ಕತ್ತರಿಸಿ ತೆಗೆದು, ಪಕ್ಕಕ್ಕೆ ಒಂದು ಹಿಡಿ ಬೆಸುಗೆ ಹಾಕಿಸಿದ್ದರು. ನಾನು ಚಿಕ್ಕವನಿದ್ದಾಗ ಅಜ್ಜಿ ಸ್ಟೌಗೆ ಸೀಮೆಎಣ್ಣೆ ಅಳೆದು ಹಾಕುತ್ತಿದ್ದುದು ಇದರಲ್ಲೇ. ಆದರೆ ಮಸಿ, ಜಿಡ್ಡು ಹಿಡಿದು ಕಪ್ಪಾಗಿದ್ದ ಅದರ ಮೈಮೇಲೆ ಏನು ಬರೆದಿದೆ ಅಂತ ಒಂದು ದಿನವೂ ನೋಡಿರಲಿಲ್ಲ.

ನೋಡುವ ಆತುರದಲ್ಲಿ ತಪ್ಪು ಮಾಡಿದೆ. ಪಾತ್ರೆ ತಿಕ್ಕುವ ಸ್ಟೀಲ್ ನಾರು ತಗೊಂಡು ಹಿಂಭಾಗ ತಿಕ್ಕಿದೆ. ಎರಡೇ ನಿಮಿಷಕ್ಕೆ ಕೈಯೆಲ್ಲ ಹಳದಿ ಬಣ್ಣ, ಸಣ್ಣ ಅಕ್ಷರದ ನಾಲ್ಕು ಸಾಲು ಮಾಯ! ಹೊಟ್ಟೆ ಚುರ್ ಅಂದಿತು. ಆಮೇಲೆ ನಾರು ಎಸೆದು, ಹಳೇ ಪಂಚೆ ಚೂರಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಒಂದೊಂದು ಅಂಗುಲ ಒರೆಸುತ್ತಾ ಮಧ್ಯಾಹ್ನದವರೆಗೆ ಅಂಗಳದಲ್ಲೇ ಕೂತೆ.

ಮುಂದೆ ಕೆಂಪು, ಹಳದಿ. ನಡುವೆ ಕಪ್ಪೆಚಿಪ್ಪಿನ ಚಿತ್ರ, ಚಿಪ್ಪಿನ ಮೇಲೇ ಅಡ್ಡಕ್ಕೆ 'ಶೆಲ್' ಅಂತ ಇಂಗ್ಲಿಷ್ ಅಕ್ಷರ. ಕೆಳಗೆ ಎಕ್ಸ್-100 ಮೋಟಾರ್ ಆಯಿಲ್. ತಾತ ಒಬ್ಬ ಡಾಕ್ಟರ ಮನೆಯ ಕಾರು ಓಡಿಸುತ್ತಿದ್ದರು. ಆ ಕಾರಿಗೆ ಹಾಕಿ ಉಳಿದ ಖಾಲಿ ಡಬ್ಬ ಇದು.

ಮಾವ ಬಂದು ನೋಡಿ, "ಬ್ರಿಟಿಷರ ಕಾಲದ್ದು ಕಣೋ, ತುಕ್ಕು ನೋಡು" ಅಂದರು. ತುಕ್ಕು ನೋಡಿ ವಯಸ್ಸು ಹೇಳೋಕಾಗಲ್ಲ. ಸೋರುವ ಅಟ್ಟದಲ್ಲಿ ಹತ್ತು ಮಳೆಗಾಲ ಕಳೆದರೆ ಯಾವ ತಗಡಾದರೂ ಹಾಗೇ ಆಗುತ್ತೆ, ಅಲ್ವಾ? ನೋಡಬೇಕಾದ್ದು ಸಣ್ಣ ಅಕ್ಷರಗಳನ್ನು.

ಹಿಂಭಾಗದಲ್ಲಿ ನಾನು ತಿಕ್ಕದೆ ಬಿಟ್ಟ ಜಾಗದಲ್ಲಿ ಬರ್ಮಾ-ಶೆಲ್ ಹೆಸರು ಉಳಿದಿತ್ತು. 1928ರಲ್ಲಿ ಶುರುವಾದ ಆ ಕಂಪನಿಯನ್ನು 1976ರಲ್ಲಿ ಸರ್ಕಾರ ವಹಿಸಿಕೊಂಡಿತು, ಮರುವರ್ಷ ಅದಕ್ಕೆ ಭಾರತ್ ಪೆಟ್ರೋಲಿಯಂ ಅಂತ ಹೆಸರಾಯಿತು. ಹಾಗಾಗಿ ಡಬ್ಬ ಅದಕ್ಕಿಂತ ಹಳೆಯದು. ಅಳತೆ ಲೀಟರಿನಲ್ಲಿತ್ತು. ಗ್ಯಾಲನ್, ಪೈಂಟ್ ಹೋಗಿ ನಮ್ಮಲ್ಲಿ ಲೀಟರ್ ನೆಲೆಯಾಗಿದ್ದು 1960ರ ದಶಕದ ಶುರುವಿನಲ್ಲಿ. ಅಲ್ಲಿಗೆ ಬ್ರಿಟಿಷರ ಕಾಲದ ಮಾತು ಮುಗಿಯಿತು. ಮಾವನಿಗೆ ಸ್ವಲ್ಪ ಬೇಜಾರಾಯಿತು.

ಚಿಪ್ಪಿನ ಗುರುತೂ ಒಂದು ಲೆಕ್ಕ ಕೊಡುತ್ತೆ. ಹೆಸರು ಚಿಪ್ಪಿನ ಮೇಲೇ ಇರುವುದು ಹಳೇ ಗುರುತು. 1971ರಲ್ಲಿ ರೇಮಂಡ್ ಲೋವಿ ಅನ್ನೋ ವಿನ್ಯಾಸಕಾರ ಅದನ್ನು ಈಗಿನ ಹಾಗೆ ಸರಳ ಮಾಡಿದಾಗ ಹೆಸರು ಚಿಪ್ಪಿನಿಂದ ಹೊರಗೆ ಬಂತು. ಹಳೇ ಗುರುತಿನ ಡಬ್ಬಗಳು ಅಂಗಡಿಯಲ್ಲಿ ಇನ್ನೂ ಸ್ವಲ್ಪ ದಿನ ಉಳಿದಿರಬಹುದು, ಅದಕ್ಕೇ ಇದೊಂದನ್ನೇ ನಂಬಬಾರದು. ವಿಳಾಸ ನೋಡಿದೆ. 'ಬಾಂಬೆ-1' ಅಂತಿತ್ತು, ಊರಿನ ಹೆಸರಿನ ಮುಂದೆ ಹಳೇ ಅಂಚೆ ವಲಯದ ನಂಬರು ಅಷ್ಟೇ. ಆರು ಅಂಕಿಯ ಪಿನ್ ಕೋಡ್ ಬಂದಿದ್ದು 1972ರ ಆಗಸ್ಟ್ 15ಕ್ಕೆ. ಇದರ ಮೇಲೆ ಅದಿಲ್ಲ. ಎರಡೂ ತಾಳೆಯಾದವು. ಒಟ್ಟು ಲೆಕ್ಕ ಹಾಕಿದರೆ ಸುಮಾರು ಹತ್ತು ವರ್ಷದ ಅಂತರ ಉಳಿಯಿತು. ಅದನ್ನು ಇನ್ನೂ ಕಡಿಮೆ ಮಾಡುವಂಥದ್ದೇನಾದರೂ ಆ ಅಳಿಸಿಹೋದ ನಾಲ್ಕು ಸಾಲಿನಲ್ಲಿ ಇತ್ತೇನೋ. ಈಗಲೂ ನೆನೆಸಿಕೊಂಡರೆ ಸಂಕಟ.

ಸಂಜೆ ಕಾಫಿ ಕುಡಿಯುವಾಗ ಅಜ್ಜಿ ಕೈಗೆ ಕೊಟ್ಟೆ. ಅಜ್ಜಿ ಕಪ್ಪೆಚಿಪ್ಪು ನೋಡಲಿಲ್ಲ, ಬರಹ ನೋಡಲಿಲ್ಲ. ಹೆಬ್ಬೆರಳಿನಿಂದ ಹಿಡಿಯ ಬೆಸುಗೆ ಸವರಿದರು. ಅಲ್ಲಿ ಸೀಸ ದಪ್ಪಗೆ ಗಂಟು ಕಟ್ಟಿತ್ತು.

"ಈ ಹಿಡಿ ಹಾಕ್ಸಿದ್ದು ನಿಮ್ಮಪ್ಪ ಏಳನೇ ಕ್ಲಾಸು ಪರೀಕ್ಷೆಗೆ ಓದ್ತಿದ್ದಾಗ" ಅಂದರು. "ರಾತ್ರಿಯೆಲ್ಲ ಲಾಂದ್ರ ಉರಿಯೋದು, ಸೀಮೆಎಣ್ಣೆ ಸಾಲ್ತಿರ್ಲಿಲ್ಲ. ಅಳೆದು ಹಾಕೋಣ ಅಂತ ನಿಮ್ಮ ತಾತ ಇದನ್ನ ತಂದ್ರು. ಕಲಾಯಿಯವನು ಬಾಗಿಲಿಗೆ ಬಂದಿದ್ದ, ಅವನ ಕೈಲೇ ಹಿಡಿ ಹಾಕಿಸ್ದೆ."

ಅಪ್ಪ ಹುಟ್ಟಿದ್ದು 1955ರಲ್ಲಿ. ಬೆರಳೆಣಿಸಿ ನೋಡಿದೆ. ಏಳನೇ ಕ್ಲಾಸು ಅಂದರೆ 1967, ಹೆಚ್ಚೆಂದರೆ 68. ಹತ್ತು ವರ್ಷದ ಅಂತರ ಐದಾರು ವರ್ಷಕ್ಕೆ ಇಳಿಯಿತು.

ಒಂದು ಚೀಟಿಯಲ್ಲಿ ಇದನ್ನೆಲ್ಲ ಬರೆದೆ: ಲೀಟರ್, ಚಿಪ್ಪು, ಬಾಂಬೆ-1, ಅಪ್ಪನ ಪರೀಕ್ಷೆ, ಕಲಾಯಿಯವನು. ಹಿಂಭಾಗದ ಸಾಲುಗಳನ್ನು ಅಳಿಸಿದ್ದು ನಾನೇ ಅಂತಲೂ ಬರೆದೆ. ಮಡಚಿ ಡಬ್ಬದೊಳಗೆ ಇಟ್ಟೆ. ಅಜ್ಜಿ ಅದನ್ನು ಮತ್ತೆ ಅಟ್ಟಕ್ಕೆ ಹಾಕೋಕೆ ಬಿಡಲಿಲ್ಲ, ತಾತನ ಫೋಟೋ ಪಕ್ಕದ ಗೂಡಿನಲ್ಲಿ ಇಡಿಸಿದರು.